ಕರೆಂಟಿನ ಕಾರಿಗೆ ಎರಡು ಕೊಡ ನೀರು

ಕಲಿಸುವವನಿಗೆ ತಾನು ಕಲಿಸುವ ವಿಷಯ ಗೊತ್ತಿರಲೇಬೇಕು ಎಂದು ಜನ ನಂಬಿಕೊಂಡಿದ್ದಾರೆ. ಹಾಗೇನೂ ಇಲ್ಲ ಎಂಬುದಕ್ಕೆ ಕಳೆದ ಇಪ್ಪತ್ತೇಳು ವರ್ಷಗಳಿಂದ ನಾನೇ ಜೀವಂತ ಸಾಕ್ಷಿ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ವಿದ್ಯುತ್ತಿನ ಪಾಠವನ್ನು ಪುಸ್ತಕ ಮುಚ್ಚಿಟ್ಟು ಹೇಳಬಲ್ಲೆ; ಯಾವ ರೋಧಕದಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಎಂಬ ಲೆಕ್ಕವನ್ನು ನಿದ್ದೆಗಣ್ಣಿನಲ್ಲೂ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆದರೆ ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ನನ್ನ ಹೆಂಡತಿ ಸುನಂದಾ. ನಾನು ಕೆಳಗೆ ನಿಂತು ಸ್ಟೂಲು ಹಿಡಿದುಕೊಳ್ಳುತ್ತೇನೆ, ಅದೂ ಎರಡೂ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು. ವಿದ್ಯುತ್ತು ಎಷ್ಟು ಅಪಾಯಕಾರಿ ಎಂದು ನಾನು ಕಲಿಸಿದ್ದನ್ನು ಮಕ್ಕಳು ಪರೀಕ್ಷೆ ಮುಗಿದ ದಿನವೇ ಮರೆತು ಧೈರ್ಯವಂತರಾದರು. ನಾನೊಬ್ಬ ಮಾತ್ರ ನೆನಪಿಟ್ಟುಕೊಂಡು ಪುಕ್ಕಲನಾದೆ. ಇಂಥ ನಾನು ರಾಯಚೂರಿನ ನಮ್ಮ ಓಣಿಗೆಲ್ಲ ಮೊದಲಿಗನಾಗಿ ಕರೆಂಟಿನ ಕಾರು ಕೊಂಡು, ಅಂಗಳದಲ್ಲಿ ಅದಕ್ಕೊಂದು ಚಾರ್ಜಿಂಗ್ ಸ್ಟೇಷನ್ನು ಹಾಕಿಸಿದೆ ಎಂದರೆ ಅದಕ್ಕೊಂದು ಬಲವಾದ ಕಾರಣ ಇರಬೇಕಲ್ಲ. ಇತ್ತು. ಆ ಕಾರಣ ನಮ್ಮ ಅವ್ವ.

ಅವ್ವ ಹುಟ್ಟಿದ್ದು ಮಾನ್ವಿ ತಾಲೂಕಿನ ಕುರ್ಡಿಯಲ್ಲಿ. ಆಕೆಯ ಅರ್ಧ ಆಯುಷ್ಯ ಪರರ ಗದ್ದೆಗಳಲ್ಲಿ ನಾಟಿ ಹಚ್ಚುವುದರಲ್ಲಿ, ಕಳೆ ತೆಗೆಯುವುದರಲ್ಲಿ, ಮಡಿಯಿಂದ ಮಡಿಗೆ ನೀರು ತಿರುಗಿಸುವುದರಲ್ಲಿ ಹೋಯಿತು. ಆ ಕೂಲಿಯಿಂದಲೇ ಅಕ್ಕನ ಮದುವೆಯಾಯಿತು, ನನ್ನ ಬಿ.ಎಡ್ ಆಯಿತು. ಕೆಸರಿಗೆ, ಬಿಸಿಲಿಗೆ, ಹಾವಿಗೆ, ಗೌಡರ ಗದರಿಕೆಗೆ ಹೆದರದ ಈ ಹೆಂಗಸು ಸೋಲುತ್ತಿದ್ದುದು ಒಂದಕ್ಕೇ: ಡೀಸೆಲ್ ವಾಸನೆಗೆ. ಗಾಡಿ ಚಾಲು ಮಾಡಿದರೆ ಸಾಕು, ಆಕೆಯ ಹೊಟ್ಟೆ ತಿರುವುತ್ತಿತ್ತು. ನಾಲ್ಕು ವರ್ಷದ ಹಿಂದೆ ದೇವದುರ್ಗದಲ್ಲಿರುವ ಆಕೆಯ ತಂಗಿ, ಎಂದರೆ ನಮ್ಮ ನಾಗಮ್ಮ ಚಿಗವ್ವನಿಗೆ, ಮೊಣಕಾಲಿನ ಆಪರೇಷನ್ ಆಯಿತು. ನೋಡಿಕೊಂಡು ಬರೋಣವೆಂದು ನನ್ನ ಹಳೆಯ ಡೀಸೆಲ್ ಕಾರಿನಲ್ಲಿ ಹೊರಟೆವು. ಗಬ್ಬೂರು ಮುಟ್ಟುವುದರೊಳಗೆ ಅವ್ವ ಮೂರು ಸಲ ವಾಂತಿ ಮಾಡಿಕೊಂಡಳು. ಕೊನೆಗೆ ಇಳಿದು ಒಂದು ಬೇವಿನ ಮರದ ಬುಡಕ್ಕೆ ಕುಳಿತು, “ನೀವು ಹೋಗಿ ಬರ್ರಪಾ. ನಾನು ಇಲ್ಲೇ ಕುಂತಿರ್ತೀನಿ. ನಾಗಿಗೆ ಹೇಳ್ರಿ, ಅಕ್ಕ ಅರ್ಧ ದಾರಿ ಮಟ ಬಂದಿದ್ಲು ಅಂತ” ಎಂದಳು. ನಾವು ಹೋಗಲಿಲ್ಲ, ವಾಪಸು ಬಂದೆವು. ಕೂಲಿ ಮಾಡಿ ನನ್ನನ್ನು ಇಷ್ಟು ದೂರ ತಂದ ತಾಯಿಯನ್ನು ಪಕ್ಕದ ತಾಲೂಕಿಗೆ ಮುಟ್ಟಿಸಲು ನನ್ನಿಂದ ಆಗಲಿಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಗಿತ್ತು. ಅಂದಿನಿಂದ ಅಕ್ಕತಂಗಿಯರು ಫೋನಿನಲ್ಲೇ ಮಾತಾಡುತ್ತಿದ್ದರು. ಇಬ್ಬರಿಗೂ ಫೋನಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ದೇವದುರ್ಗಕ್ಕೆ ನೇರವಾಗಿಯೇ ಕೇಳಲಿ ಎಂಬಂತೆ ಕೂಗುತ್ತಿದ್ದರು.

ಕರೆಂಟಿನ ಕಾರಿಗೆ ವಾಸನೆ ಇಲ್ಲ ಎಂದು ಎಲ್ಲೋ ಓದಿದ ದಿನವೇ ನಾನು ನಿರ್ಧಾರ ಮಾಡಿಬಿಟ್ಟೆ. ಈ ನಿರ್ಧಾರವನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಕ್ಕವರು ಮಾನ್ವಿಯಲ್ಲಿರುವ ನಮ್ಮ ಅಕ್ಕನ ಗಂಡ ಹನುಮಂತಪ್ಪ ಮಾಮ. ಅವರು ಬಸ್ಸಿನ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಅವರ ಮಟ್ಟಿಗೆ ಡೀಸೆಲ್ ಎಂಬುದು ಅತ್ತರು. ಇಂದಿಗೂ ಯಾವುದಾದರೂ ಹಳೆಯ ಬಸ್ಸು ಹೊಗೆ ಬಿಟ್ಟುಕೊಂಡು ಹೋದರೆ ಹೊಸ್ತಿಲಲ್ಲಿ ನಿಂತು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾರೆ. “ಏನಪಾ ಮಾಸ್ತರ, ಗುರ್ ಅನ್ನಲಾರದ್ದು ಅದೇನು ಗಾಡಿ? ಮಿಕ್ಸರಿಗೂ ಒಂದು ಸಪ್ಪಳ ಇರ್ತದ” ಎಂದು ಫೋನಿನಲ್ಲಿ ಛೇಡಿಸಿದರು. ಅಷ್ಟರಲ್ಲಿ ಚಿಗವ್ವನ ಮರಿಮಗನ ತೊಟ್ಟಿಲ ಕಾರ್ಯ ನಿಗದಿಯಾಯಿತು, ಮೇ ತಿಂಗಳ ಒಂದು ಆದಿತ್ಯವಾರ. ನಾನು ಎದೆ ಉಬ್ಬಿಸಿ, ಅವ್ವನನ್ನು ನಮ್ಮ ಮನೆಯಲ್ಲೇ ಚಾರ್ಜ್ ಮಾಡಿದ ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ, ಮಾನ್ವಿಯ ಮೇಲಿಂದಲೇ ಬಂದು ನಿಮ್ಮಿಬ್ಬರನ್ನೂ ಹತ್ತಿಸಿಕೊಳ್ಳುತ್ತೇನೆ ಎಂದೆ. ಮಾಮ, “ನೀ ಅತ್ತೀನ ವಾಂತಿ ಇಲ್ಲದಂಗ ದೇವದುರ್ಗ ಮುಟ್ಟಿಸಿದ್ಯಂದ್ರ ನಾಕು ಮಂದಿ ಮುಂದ ನಿನಗ ಶಾಲು ಹೊದಿಸ್ತೀನಿ. ಇಲ್ಲಂದ್ರ ನೀ ನನಗ ಹೊದಿಸಬೇಕು” ಎಂದರು. ಅವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಮರುದಿನ ಟ್ರಂಕಿನಿಂದ ತನ್ನ ಹಸಿರು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅದನ್ನು ನೋಡಿದ ಮೇಲೆ ನನಗೆ ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಕಾರಿಗೆ ಬೇಕಾಗುವಷ್ಟು ಕರೆಂಟಿಗೆ ಮನೆಯ ಲೋಡು ಹೆಚ್ಚಿಸಬೇಕಿತ್ತು. ಅದಕ್ಕೇನು ಭಾಗ್ಯ, ನಾಡಿಗೆಲ್ಲ ಬೆಳಕು ಕೊಡುವ ಜಿಲ್ಲೆ ನಮ್ಮದು. ಆಕಾಶ ತಿಳಿಯಾಗಿದ್ದ ದಿನ ಮಾಳಿಗೆ ಹತ್ತಿದರೆ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆ ಕಾಣುತ್ತದೆ. ಕರೆಂಟು ನಮ್ಮ ಹಿತ್ತಲಲ್ಲೇ ಹುಟ್ಟುತ್ತದೆ ಎಂಬ ಗತ್ತಿನಲ್ಲಿ ಅರ್ಜಿ ಕೊಡಲು ಹೋದೆ. ಕರೆಂಟಿನ ಕಚೇರಿಯಲ್ಲಿದ್ದ ನೌಕರರು ಸಜ್ಜನರು. ಅರ್ಜಿಯನ್ನು ಎರಡು ಸಲ ಓದಿ, “ಏನ್ ಹಾಕಾಕತ್ತೀರಿ ಸರ, ಹಿಟ್ಟಿನ ಗಿರಣಿಯೇನು?” ಎಂದು ಕೇಳಿದರು. ಕಾರಿಗೆ ಎಂದೆ. “ಗಿರಣಿ ಅಂದ್ರ ನಮಗೂ ತಿಳೀತದ, ನಿಮಗೂ ತಿಳೀತದ” ಎಂದು ನಗುತ್ತಲೇ ಸಹಿ ಹಾಕಿಕೊಟ್ಟರು. ಕೆಲಸ ಸಲೀಸಾಗಿ ಆಯಿತು. ಆದರೆ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ನಮ್ಮ ಓಣಿಯವರೇ ಎಂದು ಕಾಣುತ್ತದೆ. ಮರುದಿನ ಇಬ್ಬರು ಹೆಂಗಸರು ಜೋಳದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಂದು, ಗಿರಣಿ ಎಂದಿನಿಂದ ಚಾಲು ಎಂದು ಸುನಂದಾಳನ್ನು ವಿಚಾರಿಸಿದರು. ಆಕೆ ಅವರಿಗೆ ಚಹಾ ಕೊಟ್ಟು ಕಳಿಸಿದಳು.

ವೈರಿಂಗ್ ಕೆಲಸಕ್ಕೆ ಬಂದವನು ಖಾಜಾ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಕಲ್ಲೂರಿನ ಹೈಸ್ಕೂಲಿನಲ್ಲಿದ್ದೆ. ಖಾಜಾ ನನ್ನ ಅಲ್ಲಿಯ ಮೊದಲ ವರ್ಷದ ವಿದ್ಯಾರ್ಥಿ. ಈಗ ಅವನ ಮೀಸೆಯಲ್ಲೂ ಬಿಳಿ ಕೂದಲು ಬಂದಿವೆ. ರಾಯಚೂರಿನ ದೊಡ್ಡ ದೊಡ್ಡ ಅಕ್ಕಿ ಗಿರಣಿಗಳ ಮೋಟಾರುಗಳೆಲ್ಲ ಅವನ ಕೈಯಲ್ಲೇ ಇವೆ. ನನ್ನನ್ನು ಕಂಡರೆ ಈಗಲೂ ಬೀಡಿ ಹಿಂದಕ್ಕೆ ಹಿಡಿಯುತ್ತಾನೆ. ಆ ಮರ್ಯಾದೆಯನ್ನು ಕಂಡು ನನಗೆ ಮಾಸ್ತರಿಕೆ ಉಕ್ಕಿ ಬಂದು, ಅವನು ವೈರು ಎಳೆಯುತ್ತಿರುವಾಗ ಪಕ್ಕದಲ್ಲಿ ನಿಂತು ಪ್ರವಾಹ, ವಿಭವಾಂತರ, ರೋಧ ಎಂದೆಲ್ಲ ವಿವರಿಸಿದೆ. ಅವನು “ಹೌದ್ರಿ ಸರ್, ಹೌದ್ರಿ ಸರ್” ಎನ್ನುತ್ತ ತನ್ನ ಕೆಲಸ ತಾನು ಮಾಡಿದ. ಅಂಗಳದ ಒಂದು ಕಡೆ ಆಳವಾದ ಗುಂಡಿ ತೋಡಿಸಿ, ಅದರಲ್ಲಿ ಪೈಪು ನಿಲ್ಲಿಸಿ, ಸುತ್ತ ಇದ್ದಲು, ಉಪ್ಪು ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿಸಿದ. ಇದು ಅರ್ತಿಂಗ್. ಕರೆಂಟು ಎಲ್ಲಾದರೂ ಸೋರಿದರೆ ಮನುಷ್ಯನ ಮೈಮೇಲೆ ಹೋಗದೆ ನೆಲಕ್ಕೆ ಇಳಿದು ಹೋಗಲಿ ಎಂದು ಮಾಡುವ ಏರ್ಪಾಡು. ಪೈಪಿನ ಬಾಯಿಗೆ ಒಂದು ಲಾಳಿಕೆಯನ್ನೂ ಕೂರಿಸಿ ಹೊರಗೆ ಬಿಟ್ಟ. “ಸರ್, ನಮ್ಮದು ಎರಿ ನೆಲ. ಬ್ಯಾಸಗ್ಯಾಗ ಒಣಗಿ ಬಾಯಿ ಬಿಡ್ತದ. ದಿನಾ ಇದರಾಗ ಎರಡು ಕೊಡ ನೀರು ಹಾಕ್ರಿ, ಮರೀಬ್ಯಾಡ್ರಿ” ಎಂದು ಎರಡು ಸಲ ಹೇಳಿದ. ನಾನು ಹಿಂದಿನ ಬೆಂಚಿನ ಹುಡುಗರು ತಲೆಯಾಡಿಸುವಂತೆ ತಲೆಯಾಡಿಸಿದೆ. ಮುಂದಿನ ವಾರ ಬಂದು ಗೋಡೆಗೆ ಚಾರ್ಜರು ಕೂರಿಸಿ ಸ್ವಿಚ್ಚು ಹಾಕಿದ. ಹಸಿರು ದೀಪ ಬಂತು. ನನಗೆ ನಾನೇ ಆ ದೀಪವನ್ನು ಕಂಡುಹಿಡಿದಷ್ಟು ಹೆಮ್ಮೆಯಾಯಿತು. ಚಾರ್ಜಿಂಗನ್ನು ಮಾತ್ರ ಆಗಲೇ ಶುರು ಮಾಡಲಿಲ್ಲ. ಶನಿವಾರ ನಾಲ್ಕು ಜನರ ಮುಂದೆ ಉದ್ಘಾಟನೆ ಮಾಡಬೇಕೆಂಬ ಆಸೆ.

ಉದ್ಘಾಟನೆ ಎಂದಮೇಲೆ ಅಂಗಳ ಹೀಗಿದ್ದರೆ ಹೇಗೆ? ಗುಂಡಿ ತೋಡಿದ ಮಣ್ಣು ಕಾಲಿಗೆ ಅಂಟುತ್ತಿತ್ತು. ಗುರುವಾರ ಗೌಂಡಿಯನ್ನು ಕರೆಸಿ ಅಂಗಳಕ್ಕೆಲ್ಲ ಶಹಾಬಾದಿ ಪರಸಿ ಕಲ್ಲು ಹಾಸಿಸಿದೆ. ನಮ್ಮ ಕಡೆ ಮನುಷ್ಯನಿಗೆ ಸ್ವಲ್ಪ ಅನುಕೂಲವಾಯಿತು ಎನ್ನುವುದಕ್ಕೆ ಪರಸಿ ಹಾಸಿದ ಅಂಗಳವೇ ಗುರುತು. ಗೌಂಡಿ ಲಾಳಿಕೆಯನ್ನು ತೋರಿಸಿ, “ಇದನ್ನೇನು ಮಾಡ್ಲಿ ಸರ?” ಎಂದ. ನುಣುಪಾದ ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತ ಆ ಲಾಳಿಕೆ ಚೆಂದ ಕಾಣುತ್ತಿರಲಿಲ್ಲ. “ತೆಗೆದು ಮುಚ್ಚಿಬಿಡು” ಎಂದೆ. ಅವನು ಲಾಳಿಕೆ ಕಿತ್ತು, ಪೈಪಿನ ಬಾಯಿಗೆ ಚಿಂದಿ ತುರುಕಿ, ಮೇಲೊಂದು ಕಲ್ಲು ಹಾಸಿ ಹೋದ. ದಿನಾ ಎರಡು ಕೊಡ ನೀರು ಹಾಕಬೇಕೆಂಬುದು ನನ್ನ ನೆನಪಿನಿಂದ ಆಗಲೇ ಜಾರಿಹೋಗಿತ್ತು. ಒಂದು ವೇಳೆ ನೆನಪಿದ್ದರೂ ನಮ್ಮ ಮನೆಯಲ್ಲಿ ನೀರು ಕೇಳುವ ಧೈರ್ಯ ಯಾರಿಗಿದೆ? ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುತ್ತದೆ. ಬ್ಯಾರಲ್ಲಿನ ನೀರು ಪೂರ್ತಿಯಾಗಿ ಸುನಂದಾಳ ಸುಪರ್ದಿನಲ್ಲಿ. ಈ ನೀರಿನ ಅಭಾವವನ್ನು ಮುಂದೆ ಮಾಡಿಕೊಂಡು ನಾನು ಎಷ್ಟೋ ವರ್ಷಗಳಿಂದ ಆದಿತ್ಯವಾರದ ಸ್ನಾನವನ್ನು, ಚಳಿಗಾಲದಲ್ಲಿ ವಾರದ ಇನ್ನೊಂದೆರಡು ದಿನಗಳ ಸ್ನಾನಗಳನ್ನೂ, ಊರಿನ ಹಿತಕ್ಕಾಗಿ ತ್ಯಾಗ ಮಾಡುತ್ತ ಬಂದವನು. ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಅಕ್ಕಿ ಗಿರಣಿಯ ಶರಣಪ್ಪನವರು ವಿಭೂತಿ ಹಚ್ಚಿಕೊಂಡು, ತೆಂಗಿನಕಾಯಿ, ನಿಂಬೆಹಣ್ಣು ಹಿಡಿದುಕೊಂಡು ತಾವಾಗಿಯೇ ಬಂದರು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ನಾವು ಕಾಯಿ, ನಿಂಬೆಹಣ್ಣಿನ ಗೋಜಿಗೆ ಹೋಗುವವರಲ್ಲ. ಆದರೆ ಅವರ ಪ್ರೀತಿಯನ್ನು ಬೇಡವೆನ್ನುವುದು ಹೇಗೆ? ಕಾಯಿಯನ್ನು ಸುನಂದಾ ಚಟ್ನಿಗೆ ಇಸಿದುಕೊಂಡಳು, ನಿಂಬೆಹಣ್ಣನ್ನು ನಾನು ಶರಬತ್ತಿಗೆಂದು ತೆಗೆದಿಟ್ಟೆ, ಶರಣಪ್ಪನವರೂ ಸಂತೋಷಪಟ್ಟರು. ಅವ್ವ ಕುರ್ಚಿಯ ಮೇಲೆ ಕುಳಿತಿದ್ದಳು. ನಾನು ಎರಡು ಮಾತು ಆಡಿದೆ. ಎರಡೇ ಎಂದುಕೊಂಡು ಶುರು ಮಾಡಿದ್ದು, ಇಂಗಾಲದ ಹೊಗೆ, ಮುಂದಿನ ಪೀಳಿಗೆ ಎಂದು ಸ್ವಲ್ಪ ಉದ್ದವಾಯಿತು. ಬಳಿಕ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಚಾರ್ಜರಿನ ವೈರಿನ ತುದಿಗಿರುವ ಗನ್ನನ್ನು ಕಾರಿಗೆ ಸಿಕ್ಕಿಸಿ, ಸ್ವಿಚ್ಚು ಒತ್ತಿದೆ. ಕೆಂಪು ದೀಪ ಬಂತು.

ಆರಿಸಿ ಮತ್ತೆ ಒತ್ತಿದೆ. ಮತ್ತೆ ಕೆಂಪು. ಶರಣಪ್ಪನವರು, “ಕೆಂಪು ಅಂದ್ರ ಛಲೋ ಏನ್ರಿ ಮಾಸ್ತರ?” ಎಂದು ಕೇಳಿದರು. ನಾನು ಒಂದು ಹತ್ತು ಸಲ ಆರಿಸಿ ಹಚ್ಚಿರಬೇಕು. ಚಾರ್ಜರಿನೊಂದಿಗೆ ಬಂದ ಪುಸ್ತಕ ತೆಗೆದು ನೋಡಿದರೆ, ಅದರಲ್ಲಿ ಕೆಂಪು ದೀಪಕ್ಕೆ ಹದಿಮೂರು ಕಾರಣಗಳಿದ್ದವು. ಹದಿಮೂರೂ ನಮ್ಮ ಮನೆಗೆ ಒಪ್ಪುತ್ತವೆ ಅನ್ನಿಸಿತು. ಶೋರೂಮಿನವರು ತುಂಬಿಸಿಕೊಟ್ಟು ಕಾರಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಮಾನ್ವಿಯನ್ನು ಮುಟ್ಟಬಹುದಿತ್ತು, ಅದೂ ಏಸಿ ಹಾಕದೆ. ದೇವದುರ್ಗ ದೂರದ ಮಾತು. ಊರ ಹೊರಗೆ ಒಂದು ಚಾರ್ಜಿಂಗ್ ಜಾಗವಿತ್ತು, ಅದು ಆ ವಾರ ದುರಸ್ತಿಗೆ ನಿಂತಿತ್ತು. ಖಾಜಾನಿಗೆ ಫೋನು ಮಾಡಿದೆ. ಅವನು ಯಾಪಲದಿನ್ನಿಯಲ್ಲಿ ಒಂದು ಮದುವೆಯ ಲೈಟಿಂಗ್ ಕೆಲಸದಲ್ಲಿದ್ದ, ಸಂಜೆಯೊಳಗೆ ಬರುತ್ತೇನೆಂದ. “ನೀರು ಹಾಕಾಕತ್ತೀರಿಲ್ರಿ ಸರ್?” ಎಂದೂ ಕೇಳಿದ. ನಾನು ಸಿಗ್ನಲ್ಲು ಸರಿಯಿಲ್ಲ ಎಂದು ಹೇಳಿ ಫೋನು ಇಟ್ಟೆ. ಮಧ್ಯಾಹ್ನ ಮಾಮ ಫೋನು ಮಾಡಿ, ತಾವು ಶಾಲಿನ ಬಣ್ಣದ ವಿಚಾರ ಮಾಡುತ್ತಿರುವುದಾಗಿಯೂ ತಮಗೆ ಕಂದು ಬಣ್ಣ ಒಪ್ಪುತ್ತದೆಂದೂ ತಿಳಿಸಿದರು.

ನನಗೆ ನಿಜವಾಗಿ ಕಷ್ಟವಾದದ್ದು ಶಾಲಿನದಲ್ಲ. ಅವ್ವ ಮಧ್ಯಾಹ್ನ ಎದ್ದು ಹೋಗಿ, ಇಸ್ತ್ರಿ ಮಾಡಿಸಿಟ್ಟಿದ್ದ ಹಸಿರು ಸೀರೆಯನ್ನು ಸದ್ದಿಲ್ಲದೆ ಮತ್ತೆ ಟ್ರಂಕಿನೊಳಗೆ ಇಟ್ಟಳು. “ಇರಲಿ ಬಿಡಪಾ ತಮ್ಮಾ. ಫೋನಿನ್ಯಾಗ ಜೋಗುಳ ಹಾಡಿದ್ರಾತು, ಕೂಸಿಗೇನು ತಿಳೀತದ” ಎಂದಳು. ಕೂಸಿಗೆ ತಿಳಿಯುವುದಿಲ್ಲ, ನಿಜ. ಆದರೆ ಆ ಮಾತು ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ. ಇಪ್ಪತ್ತೇಳು ವರ್ಷ ವಿದ್ಯುತ್ತು ಕಲಿಸಿದ ನಾನು ಒಂದು ಕೆಂಪು ದೀಪದ ಮುಂದೆ ಕೈಕಟ್ಟಿ ನಿಂತಿದ್ದೆ.

ನಾಲ್ಕು ಗಂಟೆಗೆ ಖಾಜಾ ಬಂದ. ಹೋಲ್ಡರಿಗೆ ಎರಡು ವೈರು ಕಟ್ಟಿದ ಒಂದು ಬಲ್ಬನ್ನು ಚೀಲದಿಂದ ತೆಗೆದು, ಒಂದು ತುದಿಯನ್ನು ಕರೆಂಟಿಗೂ ಇನ್ನೊಂದನ್ನು ಅರ್ತಿಂಗ್ ವೈರಿಗೂ ಹಿಡಿದ. ಬಲ್ಬು ಮಿಣುಕು ಮಿಣುಕು ಎಂದಿತು. “ಅರ್ತಿಂಗ್ ಸತ್ತದ ಸರ್. ನೆಲ ಒಣಗ್ಯಾದ. ಚಾರ್ಜರ್ ಶ್ಯಾಣ್ಯಾ ಅದ, ಅರ್ತಿಂಗ್ ಇಲ್ಲಂದ್ರ ಕರೆಂಟ್ ಬಿಡಂಗಿಲ್ಲ” ಎಂದ. ಎದ್ದು ಅಂಗಳದ ಕಡೆ ನೋಡಿದ. ಅಂಗಳ ಕನ್ನಡಿಯಂತೆ ನುಣ್ಣಗಿತ್ತು. “ಸರ್, ನನ್ನ ಲಾಳಿಕೆ ಎಲ್ಲದ?”

ನಾನು ಪರಸಿಯ ಕತೆ ಹೇಳಿದೆ. ನನ್ನ ಮೇಲಿನ ಮರ್ಯಾದೆಗೂ ಖಾಜಾನ ಬಾಯಿಗೂ ಒಳಗೊಳಗೇ ಜಗಳ ನಡೆದಂತಿತ್ತು. ಕೊನೆಗೆ ನಾನೇ ತಡೆಯಲಾರದೆ, “ಅಲ್ಲೋ ಖಾಜಾ, ಈ ಭೂಸಂಪರ್ಕದ ಪಾಠವನ್ನು ನಾನೇ ನಿಮಗೆ ಕಲ್ಲೂರಿನಲ್ಲಿ ಹೇಳಿದ್ದೆನಲ್ಲ” ಎಂದೆ. ಮಾನ ಉಳಿಸಿಕೊಳ್ಳಲು ಆಡಿದ ಮಾತು ಅದು.

“ಇಲ್ರಿ ಸರ್” ಎಂದ ಖಾಜಾ, ಬಹಳ ವಿನಯದಿಂದ. “ಅದೊಂದು ಪಾಠ ನೀವು ಹೇಳಿಲ್ಲ. ಇದು ಪರೀಕ್ಷಾಕ್ಕ ಬರಂಗಿಲ್ಲ, ಮನ್ಯಾಗ ಓದಿಕೊಳ್ರಿ ಅಂದಿದ್ರಿ. ನಾನು ಮನ್ಯಾಗ ಓದಿದ್ನಿ.”

ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಆಕೆ ನಗುವುದು ಅಡುಗೆಮನೆಯಿಂದ ಕೇಳಿಸುತ್ತಿತ್ತು. ನಾನು ಮನಸ್ಸಿನಲ್ಲೇ ಇಪ್ಪತ್ತೇಳು ವರ್ಷಗಳನ್ನು ತಿರುವಿಹಾಕಿದೆ. ಒಂದು ವರ್ಷವೂ ಆ ಪಾಠ ಹೇಳಿದ ನೆನಪಾಗಲಿಲ್ಲ. ಪ್ರತಿ ವರ್ಷವೂ ಫೆಬ್ರುವರಿ ಬರುವಷ್ಟರಲ್ಲಿ ಪೋರ್ಷನ್ನು ಮುಗಿಸುವ ಗಡಿಬಿಡಿಯಲ್ಲಿ ಮನೆಗೆ ಕಳಿಸುತ್ತಿದ್ದ ಪಾಠ ಅದೊಂದೇ. ಹೀಗೆ ಮನೆಗೆ ಕಳಿಸಿದ್ದು ಕೊನೆಗೆ ನನ್ನ ಮನೆಗೇ ಬಂದಿತ್ತು.

ಈಗ ಕಲ್ಲು ಎಬ್ಬಿಸಬೇಕು. ಆದರೆ ಯಾವ ಕಲ್ಲು? ಅಂಗಳದ ತುಂಬ ಒಂದೇ ಅಳತೆಯ, ಒಂದೇ ಬಣ್ಣದ ಕಲ್ಲುಗಳು. ನಾನು ಇಲ್ಲಿ ಎಂದೆ, ಖಾಜಾ ಅಲ್ಲಿ ಎಂದ, ಶರಣಪ್ಪನವರು ಗೋಡೆಯಾಚೆಯಿಂದ ಇಣುಕಿ ಇನ್ನೊಂದು ಕಡೆ ತೋರಿಸಿದರು. ಗೌಂಡಿಗೆ ಫೋನು ಹತ್ತಲಿಲ್ಲ. ಎಲ್ಲವನ್ನೂ ಕಿತ್ತುಹಾಕೋಣವೆಂದು ನಾನು ಹಾರೆ ಎತ್ತಿಕೊಂಡೆ. ಆಗ ಅವ್ವ ಕುರ್ಚಿಯಿಂದ ಎದ್ದಳು.

“ಲೇ, ನಿಲ್ರಿ. ಗದ್ದಿ ಬದುವು ಎಲ್ಲಿ ಸೋರಾಕತ್ತದ ಅಂತ ಹೆಂಗ ಹುಡುಕ್ತಾರ? ಎಲ್ಲಾ ಬದುವು ಕೀಳ್ತಾರೇನು? ನೀರನ್ನ ಕೇಳ್ತಾರ. ಸುನಂದಾ, ಎರಡು ಕೊಡ ನೀರು ತಾರವ್ವಾ.”

ಸುನಂದಾ ಬ್ಯಾರಲ್ಲಿನ ಕಡೆ ನೋಡಿದಳು. “ನಲ್ಲಿ ಬರೋದು ಸೋಮವಾರ ಅತ್ತಿ. ಇರೋದೆಲ್ಲ ನಾಳಿ ಸ್ನಾನದ ನೀರು” ಎಂದಳು. ಒಂದು ಗಳಿಗೆ ಯೋಚಿಸಿ ನನ್ನ ಕಡೆ ತಿರುಗಿ, “ಹಂಗಾದ್ರ ನಾಳಿ ನೀವು ಸ್ನಾನ ಮಾಡಬ್ಯಾಡ್ರಿ” ಎಂದು ತೀರ್ಪು ಕೊಟ್ಟಳು. ಅಂಥ ದುಃಖದ ಹೊತ್ತಿನಲ್ಲೂ ನನ್ನ ಮನಸ್ಸಿನೊಳಗೆ ಏನೋ ಅರಳಿತು. ಹೆಂಡತಿಯ ಅಪ್ಪಣೆಯಿಂದಲೇ ಸ್ನಾನ ತಪ್ಪಿದ್ದು ನನ್ನ ಸಂಸಾರದಲ್ಲಿ ಅದೇ ಮೊದಲು.

ಅವ್ವ ಸೀರೆ ಎತ್ತಿ ಕಟ್ಟಿದಳು. ತಂಬಿಗೆಯಿಂದ ಅಂಗಳದ ಒಂದು ತುದಿಯಿಂದ ನೀರು ಬಿಡುತ್ತ ಬಂದಳು, ಗದ್ದೆಯಲ್ಲಿ ಮಡಿಗೆ ನೀರು ಬಿಡುವ ಹಾಗೆ, ನಿಧಾನವಾಗಿ. ಎಪ್ಪತ್ತಾರರ ಬೆನ್ನು ಬಾಗಿತ್ತು, ಕಣ್ಣು ಮಾತ್ರ ಕಲ್ಲು ಕಲ್ಲಿನ ಸಂದಿಯ ಮೇಲಿತ್ತು. ನೀರು ಕಲ್ಲಿನ ಮೇಲೆ ಹರಡುತ್ತ, ಸಂದಿಗಳಲ್ಲಿ ನಿಲ್ಲುತ್ತ ಬಂತು. ಗೇಟಿನ ಎಡಕ್ಕೆ ಮೂರನೆಯ ಸಾಲಿನಲ್ಲಿ ಒಂದು ಕಲ್ಲಿನ ಸುತ್ತ ಮಾತ್ರ ಗುಳುಗುಳು ಎಂದು ಇಳಿದು ಹೋಯಿತು. ಇನ್ನೊಂದು ತಂಬಿಗೆ ಬಿಟ್ಟಳು, ಅದೂ ಇಳಿಯಿತು. ಹೊಸದಾಗಿ ತೋಡಿ ಮುಚ್ಚಿದ ಸಡಿಲ ಮಣ್ಣು ಅದರ ಕೆಳಗೇ ಇತ್ತು. “ಇಲ್ಲದ ನೋಡ್ರಿ ನಿಮ್ಮ ಗುಂಡಿ. ಪಾಪ, ಎಷ್ಟು ದಿನದಿಂದ ನೀರಡಿಸಿತ್ತೋ” ಎಂದಳು.

ಖಾಜಾ ಹಾರೆಯಿಂದ ಕಲ್ಲು ಎಬ್ಬಿಸಿದ. ಪೈಪಿನ ಬಾಯಿಯ ಚಿಂದಿ ಕಿತ್ತ. ಸುನಂದಾ ಒಂದರ ಹಿಂದೊಂದು ಕೊಡ ತಂದಳು, ಅವ್ವ ಸುರಿದಳು. ಶರಣಪ್ಪನವರೂ ತಮ್ಮ ಮನೆಯಿಂದ ನಾಲ್ಕು ಕೊಡ ಕಳಿಸಿದರು. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಪಕ್ಕದ ಮನೆಗೆ ನಾಲ್ಕು ಕೊಡ ನೀರು ಕೊಡುವ ಮನುಷ್ಯನ ದೊಡ್ಡತನವನ್ನು ನಮ್ಮೂರಿನವರು ಬಲ್ಲರು. ನಾನು ಉಪ್ಪಿನ ಚೀಲ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಖಾಜಾ ಮತ್ತೆ ಬಲ್ಬು ಹಿಡಿದ. ಮೊದಲಿಗಿಂತ ಬೆಳಕು ಹೆಚ್ಚಾಗಿತ್ತು. ಇನ್ನೂ ಮೂರು ಕೊಡ. ಹೊತ್ತು ಮುಳುಗುವ ಹೊತ್ತಿಗೆ ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. “ಈಗ ಒತ್ರಿ ಸರ್” ಎಂದ. ನಾನು ಒತ್ತಲಿಲ್ಲ. ಅವ್ವನ ಕೈ ಹಿಡಿದು, ಒದ್ದೆ ಬೆರಳನ್ನು ಸುನಂದಾಳ ಸೆರಗಿನಿಂದ ಒರೆಸಿ, ಆಕೆಯಿಂದಲೇ ಒತ್ತಿಸಿದೆ.

ಹಸಿರು ದೀಪ! ಕಾರಿನ ಒಳಗಿನಿಂದ ಒಂದು ಸಣ್ಣ ಗುಂಯ್ ಎಂಬ ಸದ್ದು ಬಂತು. ಶರಣಪ್ಪನವರು ಚಪ್ಪಾಳೆ ತಟ್ಟಿದರು. ನಾನು ಉದ್ಘಾಟನೆಯ ಭಾಷಣ ಇನ್ನೊಮ್ಮೆ ಶುರು ಮಾಡಬೇಕೆಂದಿದ್ದೆ, ಆದರೆ ಎಲ್ಲರೂ ಒಳಗೆ ಚಹಾಕ್ಕೆ ಹೋಗಿಬಿಟ್ಟರು. ಅವ್ವ ಟ್ರಂಕು ತೆರೆದ ಸದ್ದು ಮಾತ್ರ ನನಗೆ ಅಂಗಳಕ್ಕೆ ಕೇಳಿಸಿತು.

ಬೆಳಿಗ್ಗೆ ಕಾರು ಪೂರ್ತಿ ತುಂಬಿಕೊಂಡು ನಿಂತಿತ್ತು. ಅವ್ವ ಮುಂದಿನ ಸೀಟಿನಲ್ಲಿ ಹಸಿರು ಸೀರೆ ಉಟ್ಟು ಕುಳಿತಳು. ಕಲ್ಲೂರು ದಾಟಿದರೂ ಬಿಗಿಹಿಡಿದ ಸೆರಗು ಮೂಗಿನ ಮೇಲೇ ಇತ್ತು. ಆಮೇಲೆ ಮೆಲ್ಲಗೆ ಸೆರಗು ಇಳಿಸಿ ಒಮ್ಮೆ ಮೂಸಿ ನೋಡಿದಳು. “ತಮ್ಮಾ, ಇದರಾಗ ವಾಸನೀನ ಇಲ್ಲಲೋ” ಎಂದಳು. ಮಾನ್ವಿಯಲ್ಲಿ ಅಕ್ಕ ಮತ್ತು ಮಾಮ ಹಿಂದೆ ಸುನಂದಾಳ ಪಕ್ಕ ಹತ್ತಿದರು. ಮಾಮನ ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳ ಒಂದು ಕಟ್ಟು ಇತ್ತು, ಮೇಲೆ ನಾಲ್ಕು ನಿಂಬೆಹಣ್ಣು. “ಅತ್ತಿಗೆ ಬೇಕಾಗ್ತಾವ, ಇರ್ಲಿ” ಎಂದರು. ಕಾರು ಹೊರಟು ಅರ್ಧ ಫರ್ಲಾಂಗು ಆದ ಮೇಲೆ, “ಇನ್ನೂ ಯಾಕ ಚಾಲು ಮಾಡಿಲ್ಲ?” ಎಂದು ಕೇಳಿದರು.

ನಡುದಾರಿಯಲ್ಲಿ ಮಾಮನ ಮಾತು ಕಡಿಮೆಯಾಯಿತು. ಕನ್ನಡಿಯಲ್ಲಿ ನೋಡಿದೆ. ಮುಖ ಬಿಳಿಚಿತ್ತು, ಹಣೆಯ ಮೇಲೆ ಬೆವರಿತ್ತು. ಕರೆಂಟಿನ ಕಾರಿಗೊಂದು ಚಾಳಿ ಇದೆ. ಪೆಡಲಿನಿಂದ ಕಾಲು ತೆಗೆದ ಕೂಡಲೆ ಅದು ಮೆತ್ತಗೆ ಹಿಂದಕ್ಕೆ ಎಳೆದುಕೊಂಡ ಹಾಗೆ ನಿಧಾನವಾಗುತ್ತದೆ. ಹೊಸ ಚಾಲಕನಾದ ನಾನು ಕಾಲು ಇಡುವುದು, ತೆಗೆಯುವುದು ಮಾಡುತ್ತಲೇ ಇದ್ದೆ. ಸಪ್ಪಳವಿಲ್ಲದೆ, ಗೇರಿಲ್ಲದೆ, ಡೀಸೆಲ್ಲಿನ ವಾಸನೆಯಿಲ್ಲದೆ ಗಾಡಿ ಹೀಗೆ ತೂಗುವುದನ್ನು ಮಾಮನ ಹೊಟ್ಟೆ ಹಿಂದೆಂದೂ ಕಂಡಿರಲಿಲ್ಲ. “ಗಾಡಿ... ಗಾಡಿ ನಿಲ್ಸು ಮಾಸ್ತರ” ಎನ್ನುವಷ್ಟರಲ್ಲಿ ತಾವೇ ತಂದ ಚೀಲವನ್ನು ತಾವೇ ಬಿಡಿಸಬೇಕಾಯಿತು. ಅವ್ವ ಇಳಿದು ಹೋಗಿ ಅಳಿಯನ ಬೆನ್ನು ಸವರಿದಳು. ನಿಂಬೆಹಣ್ಣು ಕೊಯ್ದು ಮೂಗಿಗೆ ಹಿಡಿದು, “ಮೊದಮೊದಲು ಹಿಂಗ ಆಗ್ತದಪಾ. ರೂಢಿ ಆಗ್ತದ” ಎಂದು ಸಮಾಧಾನ ಹೇಳಿದಳು. ಆ ಮಾತನ್ನು ಆಕೆ ಜೀವಮಾನವೆಲ್ಲ ಇತರರಿಂದ ಕೇಳಿದ್ದಳು. ಹೇಳುವ ಭಾಗ್ಯ ಅಂದೇ ಸಿಕ್ಕಿದ್ದು. ನಾನು ರಸ್ತೆಯ ಆಚೆ ಹೋಗಿ, ಯಾರಿಗೂ ಕಾಣದಂತೆ ಮನಸಾರೆ ನಕ್ಕೆ.

ದೇವದುರ್ಗದಲ್ಲಿ ಚಿಗವ್ವ ಕೋಲು ಊರಿಕೊಂಡು ಬಾಗಿಲಿಗೆ ಬಂದಿದ್ದಳು. ನಾಲ್ಕು ವರ್ಷ ಫೋನಿನಲ್ಲಿ ಅಷ್ಟು ಕೂಗಿದ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ಸವರಿಕೊಂಡು ಸುಮ್ಮನೆ ನಿಂತರು. ಬಳಿಕ ಚಿಗವ್ವ, “ಪೂರಾ ದಾರಿ ಬಂದ್ಯೇನಕ್ಕಾ?” ಎಂದಳು. “ಪೂರಾ ದಾರಿ ಬಂದೆ ನಾಗಿ” ಎಂದಳು ಅವ್ವ. ನನಗೆ ಕಣ್ಣು ತುಂಬಿ ಬಂದವು, ಮುಚ್ಚಿಡುವುದೇಕೆ. ಆಕೆ ಕೂಸನ್ನು ತೊಟ್ಟಿಲಲ್ಲಿಟ್ಟು ತೂಗಿದಳು, ಜೋಗುಳ ಹಾಡಿದಳು. ಊಟವಾದ ಮೇಲೆ ಮಾಮ, ಸೋತರೂ ಮಾತಿನ ಮನುಷ್ಯ, ತಮಗೆಂದೇ ಆರಿಸಿ ತಂದಿದ್ದ ಕಂದು ಬಣ್ಣದ ಆ ಶಾಲನ್ನು ಎಲ್ಲರ ಮುಂದೆ ನನಗೆ ಹೊದಿಸಿದರು. ವಾಪಸು ಹೋಗುವಾಗ ಅವರು ಮಾತ್ರ ಬಸ್ಸಿನಲ್ಲಿ ಹೋದರು, ಎಂಜಿನ್ನಿನ ಪಕ್ಕದ ಸೀಟಿನಲ್ಲಿ.

ಜೂನಿನಲ್ಲಿ ಶಾಲೆ ಶುರುವಾಯಿತು. ಈ ಸಲ ಪೋರ್ಷನ್ನು ಮುಗಿಯುತ್ತದೋ ಬಿಡುತ್ತದೋ ಎಂದು ಭೂಸಂಪರ್ಕದ ಪಾಠವನ್ನೇ ಮೊದಲು ಹೇಳಿದೆ. ಇದ್ದಲು, ಉಪ್ಪು, ಎರೆ ನೆಲ, ಲಾಳಿಕೆ ಎಲ್ಲ ಸೇರಿಸಿ ಎರಡು ಪೀರಿಯಡ್ಡು. ಕೊನೆಯಲ್ಲಿ ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, “ಸರ್, ಇದು ಪರೀಕ್ಷಾಕ್ಕ ಬರ್ತದೇನ್ರಿ?” ಎಂದು ಕೇಳಿದಳು. “ನನಗಂತೂ ಬಂದಿತ್ತು” ಎಂದೆ.

ಅವ್ವ ಈಗ ತಿಂಗಳಿಗೊಮ್ಮೆ ದೇವದುರ್ಗಕ್ಕೆ ಹೋಗಿಬರುತ್ತಾಳೆ. ಓಣಿಯಲ್ಲಿ ನನ್ನ ಹೆಸರು ದೊಡ್ಡದಾಗಿದೆ. ಉಳಿದದ್ದು ದಿನಕ್ಕೆ ಎರಡು ಕೊಡ ನೀರಿನ ಪ್ರಶ್ನೆ. ಅದನ್ನು ಅತ್ತೆ ಸೊಸೆ ಕೂಡಿ ಒಂದೇ ಮಾತಿನಲ್ಲಿ ಬಗೆಹರಿಸಿದರು. ಎಬ್ಬಿಸಿದ ಕಲ್ಲಿನ ಜಾಗಕ್ಕೆ ಇಳಿಜಾರು ಮಾಡಿಸಿ, ಪಕ್ಕದಲ್ಲೊಂದು ಬಟ್ಟೆ ಒಗೆಯುವ ಕಲ್ಲು ಹಾಕಿಸಿದ್ದಾರೆ. ನನ್ನ ಸ್ನಾನ ಈಗ ಅಲ್ಲಿಯೇ, ಅಂಗಳದಲ್ಲಿ, ಚಾರ್ಜರಿಗೆ ಮುಖ ಮಾಡಿ, ಪ್ರತಿದಿನ ತಪ್ಪದೆ, ಆದಿತ್ಯವಾರವೂ ಸೇರಿ. ಸುರಿದುಕೊಂಡ ನೀರು ಮೈತೊಳೆದು ಹಾಗೇ ಗುಂಡಿಗೆ ಇಳಿಯುತ್ತದೆ. ಒಂದೇ ನೀರಿನಲ್ಲಿ ಎರಡು ಕೆಲಸ. ಒದ್ದೆ ಪಂಚೆಯಲ್ಲಿ ನಾನು ಆ ಹಸಿರು ದೀಪದ ಮುಂದೆ ಕುಳಿತಿರುವುದನ್ನು ಗೋಡೆಯಾಚೆಯಿಂದ ನೋಡುವ ಶರಣಪ್ಪನವರು, ಮಾಸ್ತರರಿಗೆ ಈ ವಯಸ್ಸಿನಲ್ಲಾದರೂ ಭಕ್ತಿ ಬಂತಲ್ಲ ಎಂದು ಕೈಮುಗಿಯುತ್ತಾರೆ. ಸ್ನಾನ ಮುಗಿಸಿ, ಮಾಮನ ಶಾಲು ಹೊದ್ದುಕೊಂಡು ಒಳಗೆ ಓಡುತ್ತೇನೆ. ಒಮ್ಮೆ ಧೈರ್ಯ ಮಾಡಿ ಸತತ ಮೂರು ದಿನ ಸ್ನಾನ ತಪ್ಪಿಸಿದೆ. ನಾಲ್ಕನೆಯ ದಿನ ಕೆಂಪು ದೀಪ ಬಂತು. ಈಗ ನಮ್ಮ ಓಣಿಯಲ್ಲಿ ಮಾಸ್ತರರ ಸ್ನಾನವಾಯಿತೇ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಗೇಟಿನ ಹೊರಗೆ ನಿಂತು ದೀಪ ನೋಡಿಕೊಂಡು ಹೋಗುತ್ತಾರೆ.